ಒಂದೇ ಕಣ್ಣಿಗೆ ಪೊರೆ ಆಪರೇಷನ್, ಇನ್ನೊಂದು ಕಣ್ಣಿನ ನಂಬರ್ ಏನು ಮಾಡೋದು? ಪದೇ ಪದೇ ಕೇಳುವ ಪ್ರಶ್ನೆಗಳು

ಏಳನೇ ಕ್ಲಾಸಿನಿಂದ ಕನ್ನಡಕ ಹಾಕಿದವಳು ನಾನು. ಎರಡೂ ಕಣ್ಣಿಗೆ ಮೈನಸ್ 8. 51ನೇ ವಯಸ್ಸಿಗೆ ಎಡಗಣ್ಣಿಗೆ ಮಾತ್ರ ಪೊರೆ ಬಂತು. ಆಪರೇಷನ್ ಚೆನ್ನಾಗಿಯೇ ಆಯಿತು. ಮರುದಿನ ಪಟ್ಟಿ ಬಿಚ್ಚಿದಾಗ ಎದುರು ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಖಿನ ಕೆಳಗಿದ್ದ ತಿಥಿ, ನಕ್ಷತ್ರ ಕೂಡ ಕನ್ನಡಕ ಇಲ್ಲದೆ ಓದಿದೆ. ಕಣ್ಣು ತುಂಬಿ ಬಂತು. ಮನೆಗೆ ಬಂದು ಹಳೆ ಕನ್ನಡಕದ ಎಡಗಾಜು ತೆಗೆಸಿ ಹಾಕಿಕೊಂಡೆ. ಮೆಟ್ಟಿಲು ಇಳಿಯಲು ಹೋದರೆ ಒಂದು ಮೆಟ್ಟಿಲಿನ ಜಾಗದಲ್ಲಿ ಎರಡು ಕಂಡವು. ಒಂದು ದೊಡ್ಡದು, ಒಂದು ಸಣ್ಣದು. ಕಂಬಿ ಹಿಡಿದು ಅಲ್ಲೇ ಕೂತುಬಿಟ್ಟೆ.

ಆಪರೇಷನ್‌ಗೆ ಮುಂಚೆ ಆ ಆಸ್ಪತ್ರೆಯಲ್ಲಿ ಯಾರೂ ನನ್ನ ಬಲಗಣ್ಣಿನ ಬಗ್ಗೆ ಮಾತೆತ್ತಿರಲಿಲ್ಲ. ನಾನೂ ಕೇಳಲಿಲ್ಲ. ಅಂದಿನಿಂದ ಈ ವಿಷಯ ಓದುತ್ತಾ, ಡಾಕ್ಟರುಗಳನ್ನು, ಕಣ್ಣಿನ ನಂಬರ್ ಪರೀಕ್ಷಿಸುವ ಆಪ್ಟೊಮೆಟ್ರಿಸ್ಟ್‌ಗಳನ್ನು ಕೇಳುತ್ತಾ ಬಂದಿದ್ದೇನೆ. ನಾನು ಶಾಲಾ ಟೀಚರ್, ವೈದ್ಯೆ ಅಲ್ಲ. ನಿಮ್ಮ ಕಣ್ಣಿಗೆ ಯಾವುದು ಸರಿ ಎಂದು ನಿಮ್ಮ ಡಾಕ್ಟರೇ ಹೇಳಬೇಕು. ಆದರೆ ಅವರ ಮುಂದೆ ಕೂರುವ ಮೊದಲು ಏನು ಕೇಳಬೇಕು ಅನ್ನೋದು ಗೊತ್ತಿರಲಿ ಎಂದು ಇದನ್ನು ಬರೆದಿದ್ದೇನೆ.

ಒಂದೇ ಕಣ್ಣಿಗೆ ಪೊರೆ ಬರುತ್ತದಾ?

ಬರುತ್ತದೆ. ವಯಸ್ಸಾದ ಮೇಲೆ ಬರುವ ಪೊರೆ ಸಾಮಾನ್ಯವಾಗಿ ಎರಡೂ ಕಣ್ಣಿಗೆ ಬರುತ್ತದೆ, ಆದರೆ ಒಂದು ಮುಂದೆ ಒಂದು ಹಿಂದೆ. ಎರಡರ ನಡುವೆ ವರ್ಷಗಳೇ ಕಳೆಯಬಹುದು. ಇನ್ನು ಕೆಲವು ಪೊರೆಗಳು ಒಂದೇ ಕಣ್ಣಿಗೆ ಸೇರಿದವು. ಚೆಂಡು ಬಡಿದದ್ದು, ಪಟಾಕಿ ಸಿಡಿದದ್ದು, ಕಟ್ಟಿಗೆ ಒಡೆಯುವಾಗ ಚೂರು ಹಾರಿದ್ದು, ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದ ಆಪರೇಷನ್ ಆಗಿದ್ದು, ಹೀಗೆ ಕಾರಣ ಹಲವು. ನನ್ನ ಎಡಗಣ್ಣಿನ ಒಳಗೆ ಎರಡು ಸಲ ಉರಿಯೂತ ಬಂದು ತಿಂಗಳುಗಟ್ಟಲೆ ಸ್ಟೀರಾಯ್ಡ್ ಡ್ರಾಪ್ಸ್ ಹಾಕಿದ್ದೆ. ಉರಿಯೂತ, ಸ್ಟೀರಾಯ್ಡ್ ಎರಡರಿಂದಲೂ ಪೊರೆ ಬರುತ್ತದೆ.

ಇನ್ನೊಂದು ಕಣ್ಣು ಚೆನ್ನಾಗಿದೆಯಲ್ಲ, ಅದರಲ್ಲೇ ಕಾಲ ತಳ್ಳಿದರೆ ಆಗಲ್ವಾ?

ತುಂಬಾ ಜನ ಹಾಗೇ ಮಾಡುತ್ತಾರೆ, ನಾನೂ ಒಂದು ವರ್ಷ ಮಾಡಿದೆ. ಒಂದು ಕಣ್ಣಿನಿಂದ ಪೇಪರ್ ಓದಬಹುದು, ಟಿವಿ ನೋಡಬಹುದು. ಆದರೆ ವಸ್ತು ಎಷ್ಟು ದೂರದಲ್ಲಿದೆ ಎಂದು ನಿಖರವಾಗಿ ಅಳೆಯಲು ಎರಡೂ ಕಣ್ಣು ಬೇಕು. ಸೂಜಿಗೆ ದಾರ ಪೋಣಿಸುವಾಗ, ಲೋಟಕ್ಕೆ ಕಾಫಿ ಬಗ್ಗಿಸುವಾಗ ಇದು ಗೊತ್ತಾಗುತ್ತದೆ. ನಾನು ಲೋಟದ ಅಂಚಿನ ಹೊರಗೆ ಕಾಫಿ ಸುರಿದದ್ದಕ್ಕೆ ಲೆಕ್ಕವಿಲ್ಲ.

ಇನ್ನೊಂದು ಅಪಾಯ ಹೆಚ್ಚು ಜನಕ್ಕೆ ಗೊತ್ತಿಲ್ಲ. ಮಂಜಾದ ಕಣ್ಣಿನ ಚಿತ್ರ ಮಿದುಳಿಗೆ ಒಂದು ಚೂರು ತಡವಾಗಿ ತಲುಪುತ್ತದೆ. ಹಾಗಾಗಿ ಅಡ್ಡ ಹಾಯುವ ವಾಹನ ಇರುವ ಜಾಗ ಬಿಟ್ಟು ಬೇರೆ ಕಡೆ ಇದ್ದ ಹಾಗೆ ಕಾಣಬಹುದು. ಇದಕ್ಕೆ ಪುಲ್‌ಫ್ರಿಚ್ ಪರಿಣಾಮ ಎಂದು ಹೆಸರು. ರಸ್ತೆ ದಾಟುವಾಗ, ಸ್ಕೂಟರ್ ಓಡಿಸುವಾಗ ಎಡವಟ್ಟಾಗುತ್ತಿದ್ದರೆ ಡಾಕ್ಟರಿಗೆ ಖಂಡಿತ ಹೇಳಿ. ಪೊರೆ ತೀರಾ ಬಲಿತು ಗಟ್ಟಿಯಾಗುವ ತನಕ ಕಾಯುವುದೂ ಒಳ್ಳೆಯದಲ್ಲ. ಆಗ ಆಪರೇಷನ್ ಕಷ್ಟವಾಗುತ್ತದೆ.

ಒಳಗೆ ಹಾಕುವ ಲೆನ್ಸಿಗೂ ನನ್ನ ಕನ್ನಡಕದ ನಂಬರಿಗೂ ಏನು ಸಂಬಂಧ?

ಪೊರೆ ಅಂದರೆ ಕಣ್ಣೊಳಗಿನ ನಮ್ಮದೇ ಲೆನ್ಸ್ ಮಬ್ಬಾಗಿರುವುದು. ಅದನ್ನು ತೆಗೆದು ಕೃತಕ ಲೆನ್ಸ್ ಕೂರಿಸುತ್ತಾರೆ. ಅದರ ಪವರ್ ಎಷ್ಟಿರಬೇಕು ಎಂದು ಕಣ್ಣಿನ ಉದ್ದ, ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಬಾಗು ಅಳೆದು ಲೆಕ್ಕ ಹಾಕುತ್ತಾರೆ. ಉದ್ದದ ಅಳತೆ 1 ಮಿಲಿಮೀಟರ್ ತಪ್ಪಿದರೆ ನಂಬರ್ ಹೆಚ್ಚುಕಡಿಮೆ ಎರಡೂವರೆಯಿಂದ ಮೂರರಷ್ಟು ಬದಲಾಗುತ್ತದೆ.

1949ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಎಂಬ ಡಾಕ್ಟರು ಮೊದಲ ಸಲ ಮನುಷ್ಯರ ಕಣ್ಣಿಗೆ ಲೆನ್ಸ್ ಕೂರಿಸಿದಾಗ ಪವರ್ ಜಾಸ್ತಿಯಾಗಿ, ಆ ರೋಗಿಗೆ ಭಾರಿ ಮೈನಸ್ ನಂಬರ್ ಬಂದಿತ್ತು. ಈಗ ಅಳತೆ ತುಂಬಾ ಸುಧಾರಿಸಿದೆ. ಎಷ್ಟು ನಂಬರ್ ಉಳಿಸಬೇಕು ಎಂದು ಮೊದಲೇ ತೀರ್ಮಾನಿಸಿ ಅದರ ಆಸುಪಾಸಿಗೆ ತರಬಹುದು. ಸೊನ್ನೆಗೆ ತರಬಹುದು, ಬೇಕೆಂದೇ ಮೈನಸ್ 2 ಅಥವಾ ಮೈನಸ್ 5 ಉಳಿಸಲೂಬಹುದು.

ನಾನು ಎಲ್ಲರಿಗೂ ಒತ್ತಿ ಹೇಳುವುದು ಇದನ್ನೇ. "ಎಷ್ಟು ನಂಬರ್ ಉಳಿಸುತ್ತೀರಿ?" ಎಂದು ಕೇಳಿ. ಆಪರೇಷನ್ ಒಂದು ಕಣ್ಣಿಗೆ, ಆದರೆ ಮುಂದೆ ನೋಡುವುದು ಎರಡೂ ಕಣ್ಣು ಸೇರಿ. ಜೋಡಿಯನ್ನು ನೋಡಿ ಪವರ್ ಆರಿಸಬೇಕು.

ಎರಡು ಕಣ್ಣಿನ ನಂಬರ್ ಬೇರೆ ಬೇರೆ ಆದರೆ ಕನ್ನಡಕ ಹಾಕಿಕೊಂಡರಾಯ್ತು ಅಲ್ವಾ?

ವ್ಯತ್ಯಾಸ ಕಡಿಮೆ ಇದ್ದರೆ ಹೌದು. 1, 1.5 ಬಹಳಷ್ಟು ಜನಕ್ಕೆ ಗೊತ್ತೇ ಆಗುವುದಿಲ್ಲ. 3 ದಾಟಿದರೆ ಹೆಚ್ಚಿನವರಿಗೆ ಕನ್ನಡಕ ಹೊಂದುವುದಿಲ್ಲ. ಇದಕ್ಕೆ ಎರಡು ಕಾರಣ.

ಒಂದು, ಕನ್ನಡಕದ ಗಾಜು ಚಿತ್ರದ ಗಾತ್ರ ಬದಲಿಸುತ್ತದೆ. ಮೈನಸ್ ಗಾಜು ಕುಗ್ಗಿಸುತ್ತದೆ, ಪ್ಲಸ್ ಗಾಜು ಹಿಗ್ಗಿಸುತ್ತದೆ. ಮೈನಸ್ 8 ಗಾಜು ಚಿತ್ರವನ್ನು ಶೇ 10ರ ಹತ್ತಿರ ಕುಗ್ಗಿಸುತ್ತದೆ. ಒಂದು ಕಣ್ಣಿಗೆ ಪೂರ್ತಿ ಗಾತ್ರ, ಇನ್ನೊಂದಕ್ಕೆ ಕುಗ್ಗಿದ್ದು. ಮಿದುಳು ಇವೆರಡನ್ನು ಒಂದರ ಮೇಲೊಂದು ಕೂರಿಸಲು ಪರದಾಡುತ್ತದೆ. ತಲೆನೋವು, ತಲೆಸುತ್ತು, ಎರಡೆರಡು ಕಾಣುವುದು ಎಲ್ಲ ಅದರಿಂದಲೇ. ಎರಡನೆಯದು, ಕಣ್ಣು ಕೆಳಗೆ ಹೊರಳಿಸಿ ಗಾಜಿನ ಕೆಳಭಾಗದಿಂದ ನೋಡಿದಾಗ ಎರಡು ಚಿತ್ರಗಳು ಮೇಲೆ ಕೆಳಗೆ ಸರಿಯುತ್ತವೆ. ನನ್ನ ಮೆಟ್ಟಿಲಿನ ಕಥೆ ಇದೇ.

ನಮ್ಮ ಅಜ್ಜಿಗೆ ಡಾ. ಎಂ.ಸಿ. ಮೋದಿಯವರ ಶಿಬಿರದಲ್ಲಿ ಪೊರೆ ತೆಗೆದಿದ್ದರು. ಮೋದಿಯವರು ಊರೂರಿಗೆ ಹೋಗಿ ಸಾಮೂಹಿಕ ಶಿಬಿರ ನಡೆಸಿ ಲಕ್ಷಾಂತರ ಜನಕ್ಕೆ ಬೆಳಕು ಕೊಟ್ಟವರು. ಆಗಿನ ಶಿಬಿರಗಳಲ್ಲಿ ಪೊರೆ ತೆಗೆದ ಮೇಲೆ ಒಳಗೆ ಲೆನ್ಸ್ ಹಾಕುತ್ತಿರಲಿಲ್ಲ. ಪ್ಲಸ್ 10ರ ದಪ್ಪ ಸೋಡಾಬುಡ್ಡಿ ಕನ್ನಡಕ ಕೊಡುತ್ತಿದ್ದರು. ಅದು ಚಿತ್ರವನ್ನು ಶೇ 25ರಿಂದ 30ರಷ್ಟು ಹಿಗ್ಗಿಸುತ್ತದೆ. ಎರಡೂ ಕಣ್ಣಿಗೆ ಆಪರೇಷನ್ ಆದವರು ಹೇಗೋ ಹೊಂದಿಕೊಂಡರು. ಅಜ್ಜಿಗೆ ಆಗಿದ್ದು ಒಂದೇ ಕಣ್ಣಿಗೆ. ಅವರು ಆ ಕನ್ನಡಕದ ಇನ್ನೊಂದು ಗಾಜಿಗೆ ಒಳಗಿನಿಂದ ಕಾಗದ ಅಂಟಿಸಿಕೊಂಡಿದ್ದರು. ನಾವು ಮಕ್ಕಳು ಯಾಕೆ ಅಂತ ಕೇಳಿದರೆ, "ಎರಡೂ ಕಣ್ಣು ಬಿಟ್ಟು ನೋಡಿದ್ರೆ ನೀವು ಇಬ್ಬಿಬ್ಬರು ಕಾಣ್ತೀರಿ" ಅನ್ನುತ್ತಿದ್ದರು. ಅಜ್ಜಿಯ ಮಾತು ನನಗೆ ಅರ್ಥವಾಗಿದ್ದು ನಾನೇ ಮೆಟ್ಟಿಲ ಮೇಲೆ ಕೂತ ದಿನ.

ನನ್ನ ಇನ್ನೊಂದು ಕಣ್ಣಿಗೆ ದೂರದ ನಂಬರೇ ಇಲ್ಲ. ನಾನು ಏನು ಯೋಚಿಸಬೇಕು?

ನಿಮ್ಮದು ಸುಲಭದ ಲೆಕ್ಕ. ಆಪರೇಷನ್ ಆಗುವ ಕಣ್ಣನ್ನೂ ಸೊನ್ನೆಯ ಹತ್ತಿರ ತಂದರೆ ಜೋಡಿ ಹೊಂದುತ್ತದೆ. ಒಂದೇ ದೂರಕ್ಕೆ ಫೋಕಸ್ ಇರುವ ಸಾಮಾನ್ಯ ಮೊನೊಫೋಕಲ್ ಲೆನ್ಸ್ ಸಾಕು. ಓದಲು ಚಾಳೀಸಿನ ಕನ್ನಡಕ ಬೇಕಾಗುತ್ತದೆ. ನಿಮಗೆ ಇನ್ನೂ ನಲವತ್ತು ಆಗಿಲ್ಲ ಅಂದರೆ ಒಂದು ವಿಷಯ ಮೊದಲೇ ತಿಳಿದಿರಲಿ. ನಿಮ್ಮ ಒಳ್ಳೆ ಕಣ್ಣು ಹತ್ತಿರದ್ದಕ್ಕೂ ತಾನೇ ಫೋಕಸ್ ಮಾಡುತ್ತದೆ, ಆಪರೇಷನ್ ಆದ ಕಣ್ಣು ಮಾಡುವುದಿಲ್ಲ.

ಇನ್ನೊಂದು ಕಣ್ಣಿಗೆ ಮೈನಸ್ 2 ಅಥವಾ 3 ಇದ್ದರೆ?

ನಿಮಗೊಂದು ಅಭ್ಯಾಸ ಇರುತ್ತದೆ. ಕನ್ನಡಕ ತೆಗೆದಿಟ್ಟು ಪುಸ್ತಕ ಓದುವುದು, ಅಕ್ಕಿ ಆರಿಸುವುದು, ಮಾತ್ರೆಯ ಪಟ್ಟಿಯ ಮೇಲಿನ ಸಣ್ಣ ಅಕ್ಷರ ನೋಡುವುದು. ಕಣ್ಣನ್ನು ಸೊನ್ನೆಗೆ ತಂದರೆ ಆ ಕಣ್ಣಿಗೆ ಈ ಸುಖ ಹೋಗುತ್ತದೆ. ದೂರ ಚೆನ್ನಾಗಿ ಕಾಣುತ್ತದೆ, ಆದರೆ ಕೈಯಲ್ಲಿರುವುದು ಮಂಜು. ಇದನ್ನು ಮೊದಲೇ ಹೇಳದಿದ್ದರೆ ಜನ ಆಪರೇಷನ್ನೇ ಕೆಟ್ಟಿತು ಎಂದುಕೊಳ್ಳುತ್ತಾರೆ.

ಎರಡು ದಾರಿ ಇವೆ. ಆಪರೇಷನ್ ಕಣ್ಣಿಗೂ ಮೈನಸ್ 2ರಷ್ಟು ಉಳಿಸಿ ಮೊದಲಿನ ಹಾಗೇ ಬದುಕುವುದು. ಇಲ್ಲವೇ ಸೊನ್ನೆಗೆ ತಂದು, ಒಂದು ಕಣ್ಣು ದೂರಕ್ಕೆ, ಒಂದು ಕಣ್ಣು ಓದಲು ಎಂದು ಹಂಚಿಕೊಳ್ಳುವುದು. ಎರಡನೆಯದು ಕೆಲವರಿಗೆ ವರ, ಕೆಲವರಿಗೆ ತಲೆನೋವು. ನನ್ನ ತಂಗಿ ಟೈಲರ್. ದಿನವಿಡೀ ಹತ್ತಿರದ ಕೆಲಸ, ಹಾಗಾಗಿ ಮೈನಸ್ 2 ಉಳಿಸಿಕೊಂಡಳು. ದೂರಕ್ಕೆ ಕನ್ನಡಕ ಹಾಕುತ್ತಾಳೆ, ಅವಳಿಗೆ ಅದರಲ್ಲಿ ಬೇಜಾರಿಲ್ಲ.

ಮೈನಸ್ 6, 8, 10 ಇರುವವರು?

ಹೆಚ್ಚು ಯೋಚಿಸಬೇಕಾದವರು ನಾವೇ. ಒಳ್ಳೆ ಕಣ್ಣು ಮೈನಸ್ 8 ಎಂದು ಇಟ್ಟುಕೊಳ್ಳಿ.

ಆಪರೇಷನ್ ಕಣ್ಣನ್ನು ಸೊನ್ನೆಗೆ ತಂದರೆ ವ್ಯತ್ಯಾಸ 8. ಕನ್ನಡಕ ಸಾಧ್ಯವೇ ಇಲ್ಲ. ಒಳ್ಳೆ ಕಣ್ಣಿಗೆ ಕಾಂಟ್ಯಾಕ್ಟ್ ಲೆನ್ಸ್ ಹಾಕಬೇಕು, ಇಲ್ಲವೇ ಅದಕ್ಕೂ ಏನಾದರೂ ಆಪರೇಷನ್ ಆಗಬೇಕು.

ಮೈನಸ್ 5ರಷ್ಟು ಉಳಿಸಿದರೆ ವ್ಯತ್ಯಾಸ 3. ಕನ್ನಡಕ ಬಹುಶಃ ಹೊಂದುತ್ತದೆ. ಆದರೆ ಆ ಕಣ್ಣು ಜೀವನಪೂರ್ತಿ ಮೈನಸ್ 5. ನಾಳೆ ಇನ್ನೊಂದು ಕಣ್ಣಿಗೂ ಪೊರೆ ಬಂದರೆ ಅದನ್ನೂ ಅದರ ಹತ್ತಿರವೇ ಇಡಬೇಕಾಗುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಬೇಡವೇ ಬೇಡ, ಕನ್ನಡಕ ಇದ್ದರೆ ಏನೂ ತೊಂದರೆಯಿಲ್ಲ ಅನ್ನುವವರಿಗೆ ಇದು ಮರ್ಯಾದೆಯ ದಾರಿ. ಇದನ್ನು "ಅವಕಾಶ ಕಳೆದುಕೊಂಡಂತೆ" ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಮೈನಸ್ 2.5ರ ಹತ್ತಿರ ಉಳಿಸುವುದು ನಡುವಿನ ದಾರಿ. ಕನ್ನಡಕ ಇಲ್ಲದೆ ಓದಬಹುದು. ಆದರೆ ಇನ್ನೊಂದು ಕಣ್ಣಿಗೆ ಕಾಂಟ್ಯಾಕ್ಟ್ ಲೆನ್ಸ್ ತಪ್ಪುವುದಿಲ್ಲ.

ಹೇಗೆ ಆರಿಸುವುದು? ಇನ್ನೊಂದು ಕಣ್ಣಿನಲ್ಲಿ ಪೊರೆ ಶುರುವಾಗಿದೆಯಾ ಎಂದು ಮೊದಲು ಕೇಳಿ. ಶುರುವಾಗಿದ್ದರೆ, ಒಂದೆರಡು ವರ್ಷದಲ್ಲಿ ಅದಕ್ಕೂ ಆಪರೇಷನ್ ಆಗುವುದಿದ್ದರೆ, ಕೊನೆಗೆ ಎರಡೂ ಕಣ್ಣು ಎಲ್ಲಿರಬೇಕು ಎಂದು ಇವತ್ತೇ ತೀರ್ಮಾನಿಸಿ ಮೊದಲ ಕಣ್ಣನ್ನು ಅಲ್ಲಿಗೆ ತರುವುದು ಒಳ್ಳೆಯದು. ನಡುವಿನ ಕಾಲವನ್ನು ಕಾಂಟ್ಯಾಕ್ಟ್ ಲೆನ್ಸಿನಲ್ಲಿ ಕಳೆಯಬಹುದು. ಇನ್ನೊಂದು ಕಣ್ಣು ತಿಳಿಯಾಗಿದ್ದು, ಹತ್ತಿಪ್ಪತ್ತು ವರ್ಷ ಹಾಗೇ ಇರುವಂತಿದ್ದರೆ ಲೆಕ್ಕ ಬೇರೆ. ಆಗ ಇವತ್ತಿನ ಜೋಡಿಯೇ ಮುಖ್ಯ.

ಪೊರೆ ಬಲಿಯುವಾಗ ಆ ಕಣ್ಣಿನ ಮೈನಸ್ ಏರುವುದುಂಟು. ಹಾಗಾಗಿ ಈಗಿನ ಚೀಟಿಯ ಜೊತೆ ನಾಲ್ಕೈದು ವರ್ಷದ ಹಳೆ ಚೀಟಿಯನ್ನೂ ಹುಡುಕಿ ಒಯ್ಯಿರಿ. ಮುಂಚೆ ನಿಮ್ಮ ಎರಡು ಕಣ್ಣುಗಳ ನಡುವೆ ಎಷ್ಟು ವ್ಯತ್ಯಾಸ ಇತ್ತು, ಮಿದುಳಿಗೆ ಎಷ್ಟು ರೂಢಿ ಇತ್ತು ಎಂದು ಅದರಲ್ಲಿ ಗೊತ್ತಾಗುತ್ತದೆ.

ನನಗೆ ಪ್ಲಸ್ ನಂಬರ್ ಇದೆ.

ತತ್ವ ಅದೇ, ದಿಕ್ಕು ಬೇರೆ. ಪ್ಲಸ್ 3 ಇರುವವರಿಗೆ ಸೊನ್ನೆಗೆ ತಂದ ಕಣ್ಣು ಬಹಳ ಇಷ್ಟವಾಗುತ್ತದೆ, ಯಾಕೆಂದರೆ ಪ್ಲಸ್ ಇರುವ ಕಣ್ಣಿಗೆ ವಯಸ್ಸಾದಂತೆ ದೂರವೂ ಮಂಜು, ಹತ್ತಿರವೂ ಮಂಜು. ಬೇಕೆಂದೇ ಪ್ಲಸ್ ಉಳಿಸುವಂತೆ ಕೇಳುವವರು ಅಪರೂಪ. ಹಾಗಾಗಿ ಇನ್ನೊಂದು ಕಣ್ಣನ್ನು ಏನು ಮಾಡುವುದು ಎಂಬ ಮಾತು ಬೇಗ ಬರುತ್ತದೆ.

ಐವತ್ತು ದಾಟಿದ ಮೇಲೆ ಕಾಂಟ್ಯಾಕ್ಟ್ ಲೆನ್ಸ್ ಹಾಕಲು ಆಗುತ್ತದಾ?

ನನಗೆ ಆಯಿತು. ಕಾಂಟ್ಯಾಕ್ಟ್ ಲೆನ್ಸ್ ಕಣ್ಣಿನ ಮೇಲೇ ಕೂರುವುದರಿಂದ ಚಿತ್ರದ ಗಾತ್ರ ಅಷ್ಟಾಗಿ ಕುಗ್ಗಿಸುವುದಿಲ್ಲ. ಎರಡು ಚಿತ್ರ ಒಂದಾಗುತ್ತವೆ. ಮೈನಸ್ ಕನ್ನಡಕಕ್ಕಿಂತ ಅದರ ನಂಬರ್ ಕಡಿಮೆ ಇರುತ್ತದೆ. ಕನ್ನಡಕದ 8ಕ್ಕೆ ಲೆನ್ಸಿನಲ್ಲಿ ಸುಮಾರು 7.25.

ಮೊದಲ ವಾರ ಅತ್ತುಬಿಡುವಷ್ಟು ಕಷ್ಟವಾಯಿತು. ಕನ್ನಡಿ ಮುಂದೆ ಕೂತು, ಎಡಗೈಯಿಂದ ಮೇಲಿನ ರೆಪ್ಪೆ ಎತ್ತಿ, ಬಲಗೈಯ ನಡುಬೆರಳಿಂದ ಕೆಳಗಿನದನ್ನು ಎಳೆದು, ತೋರುಬೆರಳ ತುದಿಯ ಲೆನ್ಸ್ ಕಣ್ಣಿಗೆ ಮುಟ್ಟಿಸುವಷ್ಟರಲ್ಲಿ ರೆಪ್ಪೆ ಪಟ್ಟನೆ ಮುಚ್ಚಿಕೊಳ್ಳುತ್ತಿತ್ತು. ಎರಡನೇ ವಾರ ಎರಡು ನಿಮಿಷದ ಕೆಲಸವಾಯಿತು. ಒಂದೇ ಕಣ್ಣಿಗೆ ಆದ್ದರಿಂದ ಖರ್ಚೂ ಅರ್ಧ. ದಿನಕ್ಕೊಂದು ಹಾಕಿ ಎಸೆಯುವಂಥದ್ದಾದರೆ ತೊಳೆಯುವ ಗೊಡವೆ ಇಲ್ಲ. ಕೈ ತೊಳೆದು ಒರೆಸಿಕೊಂಡೇ ಮುಟ್ಟಬೇಕು. ನಲ್ಲಿ ನೀರು ತಾಕಿಸಬಾರದು, ಹಾಕಿಕೊಂಡೇ ಮಲಗಬಾರದು. ಕಣ್ಣು ಕೆಂಪಾಗಿ ನೋವು ಬಂದರೆ ಲೆನ್ಸ್ ತೆಗೆದು ಅದೇ ದಿನ ಡಾಕ್ಟರಿಗೆ ತೋರಿಸಬೇಕು.

ಕೈ ನಡುಗುವವರಿಗೆ, ಕಣ್ಣು ತೀರಾ ಒಣಗುವವರಿಗೆ, ಹೊಲದ ಧೂಳಿನಲ್ಲಿ ದುಡಿಯುವವರಿಗೆ ಇದು ಕಷ್ಟ. ಅದಕ್ಕೇ ಆಪರೇಷನ್‌ಗೆ ಮುಂಚೆಯೇ ಒಳ್ಳೆ ಕಣ್ಣಿಗೆ ಒಂದೆರಡು ವಾರ ಹಾಕಿ ನೋಡಿ. ನಿಮ್ಮಿಂದ ಆಗುತ್ತದೋ ಇಲ್ಲವೋ ಗೊತ್ತಾದ ಮೇಲೆ ಪವರ್ ತೀರ್ಮಾನಿಸುವುದು ಸುಲಭ. ಆದರೆ ಒಳಗಿನ ಲೆನ್ಸಿಗೆ ಅಳತೆ ತೆಗೆಯುವ ಮೊದಲು ಮೆತ್ತನೆ ಲೆನ್ಸ್ ಆದರೆ ಒಂದೆರಡು ವಾರ, ಗಟ್ಟಿ ಲೆನ್ಸ್ ಆದರೆ ಮೂರು ನಾಲ್ಕು ವಾರ ಬಿಟ್ಟಿರಬೇಕು. ಕಾರ್ನಿಯಾ ತನ್ನ ಆಕಾರಕ್ಕೆ ಮರಳಲು ಅಷ್ಟು ಸಮಯ ಬೇಕು.

ಚೆನ್ನಾಗಿರುವ ಕಣ್ಣಿಗೂ ಆಪರೇಷನ್ ಮಾಡಿಸಿಬಿಡಿ ಅನ್ನುತ್ತಾರೆ. ಒಪ್ಪಲಾ?

ಅವಸರ ಬೇಡ. ವ್ಯತ್ಯಾಸ ತಡೆಯಲಾಗದಷ್ಟಿದ್ದು, ಕಾಂಟ್ಯಾಕ್ಟ್ ಲೆನ್ಸ್ ಆಗದಿದ್ದರೆ ಅದು ನ್ಯಾಯವಾದ ಕಾರಣವೇ. ಆದರೆ ಹೆಚ್ಚು ಮೈನಸ್ ಇರುವ ಕಣ್ಣು ಉದ್ದವಾಗಿರುತ್ತದೆ, ರೆಟಿನಾ ತೆಳುವಾಗಿರುತ್ತದೆ. ಒಳಗಿನ ಲೆನ್ಸ್ ತೆಗೆದ ಮೇಲೆ ರೆಟಿನಾ ಕಳಚುವ ಅಪಾಯ ಇಂಥ ಕಣ್ಣಿಗೆ ಜಾಸ್ತಿ, ಅದರಲ್ಲೂ ಕಡಿಮೆ ವಯಸ್ಸಿನವರಿಗೆ. ತಿಳಿಯಾದ ಲೆನ್ಸ್ ತೆಗೆಸುವ ಮೊದಲು ಕಣ್ಣಿನ ಪಾಪೆ ಹಿಗ್ಗಿಸಿ ರೆಟಿನಾ ಪೂರ್ತಿ ಪರೀಕ್ಷಿಸಿದ್ದಾರಾ ಎಂದು ಕೇಳಿ. ಲೇಸರಿನಿಂದ ನಂಬರ್ ಇಳಿಸುವ ಲಾಸಿಕ್, ಸಹಜ ಲೆನ್ಸ್ ಹಾಗೇ ಇಟ್ಟು ಅದರ ಮುಂದೆ ಇನ್ನೊಂದು ತೆಳು ಲೆನ್ಸ್ ಕೂರಿಸುವ ಐಸಿಎಲ್ ಕೂಡ ಇವೆ. ಇವು ಹೆಚ್ಚಾಗಿ ಚಿಕ್ಕ ವಯಸ್ಸಿನವರಿಗೆ ಹೊಂದುತ್ತವೆ. ಐವತ್ತೈದು ದಾಟಿ ಪೊರೆಯ ಹೊಸ್ತಿಲಲ್ಲಿ ಇರುವವರಿಗೆ ಅಷ್ಟಾಗಿ ಅಲ್ಲ.

ಒಂದು ಕಣ್ಣು ದೂರಕ್ಕೆ, ಒಂದು ಹತ್ತಿರಕ್ಕೆ ಇಟ್ಟುಕೊಂಡರೆ ಕನ್ನಡಕವೇ ಬೇಡ ಅಂತಾರೆ, ನಿಜವಾ?

ಇದಕ್ಕೆ ಮೊನೊವಿಷನ್ ಎನ್ನುತ್ತಾರೆ. ಎರಡರ ನಡುವೆ 0.75ರಿಂದ 1.5ರಷ್ಟು ಮಾತ್ರ ಅಂತರ ಇಟ್ಟರೆ ಬಹಳ ಜನ ಹೊಂದಿಕೊಳ್ಳುತ್ತಾರೆ. ಮೊಬೈಲ್, ಬೆಲೆ ಚೀಟಿ, ಅಡುಗೆ ಕೆಲಸ ಕನ್ನಡಕ ಇಲ್ಲದೆ ನಡೆಯುತ್ತದೆ. ಸಣ್ಣ ಅಕ್ಷರಕ್ಕೆ ಬೇಕಾಗುತ್ತದೆ. ಸಾಮಾನ್ಯವಾಗಿ ಬಲವಾದ ಕಣ್ಣನ್ನು ದೂರಕ್ಕೆ ಇಡುತ್ತಾರೆ. ಯಾವುದು ಬಲವಾದದ್ದು ಎಂದು ಮನೆಯಲ್ಲೇ ನೋಡಬಹುದು. ಎರಡೂ ಅಂಗೈ ಮುಂದೆ ಚಾಚಿ, ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ, ದೂರದ ಬಲ್ಬ್ ನೋಡಿ. ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣಿಗೆ ಬಲ್ಬ್ ಕಿಂಡಿಯಲ್ಲೇ ಉಳಿಯುತ್ತದೋ ಅದೇ. ಪೊರೆ ಇರುವ ಕಣ್ಣು ಮಬ್ಬಾಗಿರುವಾಗ ಈ ಪರೀಕ್ಷೆ ಮೋಸ ಮಾಡಬಹುದು, ಇದನ್ನೇ ನಂಬಬೇಡಿ. ರಾತ್ರಿ ಲಾರಿ, ಬಸ್ಸು ಓಡಿಸುವವರು ಈ ದಾರಿಗೆ ಹೋಗುವ ಮೊದಲು ಡಾಕ್ಟರ ಹತ್ತಿರ ವಿವರವಾಗಿ ಮಾತಾಡಬೇಕು.

ಮಲ್ಟಿಫೋಕಲ್ ಹಾಕಿಸಿದರೆ ಎಲ್ಲ ಮುಗಿಯಿತಲ್ಲ?

ಮಲ್ಟಿಫೋಕಲ್, ಟ್ರೈಫೋಕಲ್ ಲೆನ್ಸ್ ಬೆಳಕನ್ನು ದೂರಕ್ಕೆ, ಹತ್ತಿರಕ್ಕೆ ಹಂಚುತ್ತದೆ. ಅದರಿಂದ ಕಾಂಟ್ರಾಸ್ಟ್, ಅಂದರೆ ಕಪ್ಪು ಬಿಳುಪಿನ ವ್ಯತ್ಯಾಸ ಸ್ಪಷ್ಟವಾಗಿ ಕಾಣುವುದು, ಕಡಿಮೆಯಾಗುತ್ತದೆ. ರಾತ್ರಿ ಎದುರು ಗಾಡಿಯ ದೀಪದ ಸುತ್ತ ಬಳೆ ಕಾಣಬಹುದು. ಎರಡೂ ಕಣ್ಣಿಗೆ ಹಾಕಿದರೆ ಮಿದುಳು ಸಾಮಾನ್ಯವಾಗಿ ರೂಢಿ ಮಾಡಿಕೊಳ್ಳುತ್ತದೆ. ಒಂದೇ ಕಣ್ಣಿಗೆ ಹಾಕಿದಾಗ ಪಕ್ಕದಲ್ಲೇ ಸಹಜ ಕಣ್ಣು ಇರುತ್ತದೆ, ಹೋಲಿಕೆ ದಿನವೂ ನಡೆಯುತ್ತದೆ. ಚಿಕ್ಕ ವಯಸ್ಸಿನಲ್ಲಿ ಪೆಟ್ಟು ಬಿದ್ದು ಪೊರೆ ಬಂದವರಿಗೆ ಇದು ಉಪಯೋಗವಾದದ್ದುಂಟು. ಆದರೆ ಸಕ್ಕರೆ ಕಾಯಿಲೆಯಿಂದ ರೆಟಿನಾ ಕೆಟ್ಟಿದ್ದರೆ, ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಇದ್ದರೆ, ಕಣ್ಣು ಬಹಳ ಒಣಗುತ್ತಿದ್ದರೆ ಸಾಮಾನ್ಯವಾಗಿ ಬೇಡ ಎನ್ನುತ್ತಾರೆ. ದುಬಾರಿ ಅಂದ ಮಾತ್ರಕ್ಕೆ ನಿಮ್ಮ ಕಣ್ಣಿಗೆ ಒಳ್ಳೆಯದು ಎಂದಲ್ಲ. ನನಗೆ ಕೇಳಿದರೆ, ಜೋಡಿ ಹೊಂದಿಸುವ ಮೊನೊಫೋಕಲ್ಲೇ ಹೆಚ್ಚಿನವರಿಗೆ ನೆಮ್ಮದಿ.

ಸಿಲಿಂಡರ್ ನಂಬರ್ ಇದ್ದರೆ?

ಕಾರ್ನಿಯಾ ಒಂದು ದಿಕ್ಕಿನಲ್ಲಿ ಹೆಚ್ಚು, ಇನ್ನೊಂದು ದಿಕ್ಕಿನಲ್ಲಿ ಕಡಿಮೆ ಬಾಗಿದ್ದರೆ ಸಿಲಿಂಡರ್ ನಂಬರ್ ಬರುತ್ತದೆ. ಅದು 1ಕ್ಕಿಂತ ಜಾಸ್ತಿ ಇದ್ದರೆ, ಅದನ್ನೂ ಸರಿಪಡಿಸುವ ಟೋರಿಕ್ ಲೆನ್ಸ್ ಬಗ್ಗೆ ಕೇಳಿ. ಆ ಲೆನ್ಸ್ ಸರಿಯಾದ ಕೋನದಲ್ಲಿ ಕೂರಬೇಕು. 10 ಡಿಗ್ರಿ ತಿರುಗಿದರೆ ಅದರ ಲಾಭದ ಮೂರನೇ ಒಂದು ಭಾಗ ಹೋಗುತ್ತದೆ.

ದುಡ್ಡಿಲ್ಲದವರಿಗೆ ಈ ಆಯ್ಕೆಗಳೆಲ್ಲ ಸಿಗುತ್ತವಾ?

ಮುಖ್ಯವಾದದ್ದು ಸಿಗುತ್ತದೆ. ಬೆಂಗಳೂರಿನ ಮಿಂಟೋದಂಥ ಸರ್ಕಾರಿ ಆಸ್ಪತ್ರೆಗಳಲ್ಲಿ, ಜಿಲ್ಲೆಗಳ ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ಮೊನೊಫೋಕಲ್ ಲೆನ್ಸ್ ಹಾಕುತ್ತಾರೆ. 1992ರಲ್ಲಿ ಮಧುರೈನಲ್ಲಿ ಆರೋಲ್ಯಾಬ್ ಶುರುವಾಗಿ ಇಲ್ಲೇ ಲೆನ್ಸ್ ತಯಾರಿಸಿದ ಮೇಲೆ ಬೆಲೆ ಬಹಳ ಇಳಿಯಿತು. ಎಷ್ಟು ನಂಬರ್ ಉಳಿಸಬೇಕು ಎಂಬ ತೀರ್ಮಾನಕ್ಕೆ ಒಂದು ಪೈಸೆಯೂ ಹೆಚ್ಚು ಬೇಡ. ಮೈನಸ್ 5 ಉಳಿಸುವ ಲೆನ್ಸಿಗೂ ಸೊನ್ನೆಗೆ ತರುವ ಲೆನ್ಸಿಗೂ ಬೆಲೆ ಒಂದೇ. ವಿಮೆ ಇರುವವರು ಮಲ್ಟಿಫೋಕಲ್, ಟೋರಿಕ್‌ಗೆ ಎಷ್ಟು ಕೊಡುತ್ತಾರೆ ಎಂದು ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳಿ.

ಆಪರೇಷನ್ ಆದ ಮೇಲೆ ಎರಡು ಕಣ್ಣಿಗೆ ಬಣ್ಣ ಬೇರೆ ಬೇರೆ ಕಾಣುತ್ತಿದೆ. ಏನಾದರೂ ತಪ್ಪಾಗಿದೆಯಾ?

ಇಲ್ಲ. ವಯಸ್ಸಾದ ಸಹಜ ಲೆನ್ಸ್ ಹಳದಿಗೆ ತಿರುಗಿರುತ್ತದೆ. ತಂತಿಯ ಮೇಲೆ ಒಣಹಾಕಿದ ಬಿಳಿ ಪಂಚೆ ನೋಡಿ ಒಂದೊಂದೇ ಕಣ್ಣು ಮುಚ್ಚಿದೆ. ಬಲಗಣ್ಣಿಗೆ ಅದು ಹಳೆಯದು, ಚಹಾದ ನೀರಲ್ಲಿ ಅದ್ದಿದ ಹಾಗೆ. ಎಡಗಣ್ಣಿಗೆ ನೀಲಿ ಹಾಕಿ ಒಗೆದ ಹೊಸ ಪಂಚೆ. ಕೆಲವು ತಿಂಗಳಲ್ಲಿ ಗಮನಕ್ಕೇ ಬರದಂತೆ ಆಯಿತು.

ಹೊಸ ಕನ್ನಡಕ ಯಾವಾಗ ಮಾಡಿಸಬೇಕು?

ನಾಲ್ಕರಿಂದ ಆರು ವಾರ ಬಿಟ್ಟು. ಗಾಯ ಮಾಯುವ ತನಕ ನಂಬರ್ ಸ್ವಲ್ಪ ಅಲ್ಲಾಡುತ್ತದೆ. ಅಲ್ಲಿವರೆಗೆ ಮೆಟ್ಟಿಲು, ರಸ್ತೆ ಹುಷಾರು, ಸ್ಕೂಟರ್ ಬೇಡ.

ಈಗಾಗಲೇ ಆಪರೇಷನ್ ಆಗಿಹೋಗಿದೆ, ಎರಡು ಕಣ್ಣು ಹೊಂದುತ್ತಿಲ್ಲ. ಇನ್ನು ದಾರಿ ಇಲ್ಲವಾ?

ಇದೆ, ಎದೆಗುಂದಬೇಡಿ. ಮೊದಲು ಒಳ್ಳೆ ಕಣ್ಣಿಗೆ ಕಾಂಟ್ಯಾಕ್ಟ್ ಲೆನ್ಸ್ ಹಾಕಿ ನೋಡಿ. ಅದು ಹೊಂದಿದರೆ ತೊಂದರೆ ನಂಬರಿನದೇ ಎಂದು ಖಾತ್ರಿಯಾಗುತ್ತದೆ. ಅಂದುಕೊಂಡ ನಂಬರಿಗಿಂತ ಬೇರೆ ಬಂದಿದ್ದರೆ ಲಾಸಿಕ್ ಥರದ ಲೇಸರ್, ಮೇಲೊಂದು ಲೆನ್ಸ್ ಸೇರಿಸುವುದು, ಒಳಗಿನ ಲೆನ್ಸ್ ಬದಲಿಸುವುದು ಇವೆ. ಬದಲಿಸುವುದಾದರೆ ಬೇಗ ಮಾಡಿದಷ್ಟು ಸುಲಭ, ಯಾಕೆಂದರೆ ದಿನ ಕಳೆದಂತೆ ಲೆನ್ಸ್ ಒಳಗೆ ಅಂಟಿಕೊಳ್ಳುತ್ತದೆ. ಆಪರೇಷನ್ ದಿನ ಕೊಟ್ಟ ಲೆನ್ಸ್ ಕಾರ್ಡ್ ಜೋಪಾನವಾಗಿಡಿ. ಅದರ ಮೇಲಿನ ಪವರ್ ಮುಂದಿನ ಡಾಕ್ಟರಿಗೆ ಬೇಕೇ ಬೇಕು.

ಮಗುವಿಗೆ ಒಂದು ಕಣ್ಣಲ್ಲಿ ಪೊರೆ ಇದೆ. ಇದೇ ಮಾತು ಅನ್ವಯಿಸುತ್ತದಾ?

ಇಲ್ಲ. ಮಕ್ಕಳಲ್ಲಿ ತಡ ಮಾಡಿದರೆ ಆ ಕಣ್ಣು ನೋಡುವುದನ್ನೇ ಕಲಿಯುವುದಿಲ್ಲ. ದಿನ ಎಣಿಸದೆ ಮಕ್ಕಳ ಕಣ್ಣಿನ ತಜ್ಞರಿಗೆ ತೋರಿಸಿ.

ಇನ್ನೊಂದು ಕಣ್ಣನ್ನು ಎಷ್ಟು ದಿನಕ್ಕೊಮ್ಮೆ ತೋರಿಸಬೇಕು?

ತೊಂದರೆ ಇಲ್ಲದಿದ್ದರೂ ವರ್ಷಕ್ಕೊಮ್ಮೆ. ಯಾವ ಕಣ್ಣಿನಲ್ಲೇ ಆಗಲಿ ಇದ್ದಕ್ಕಿದ್ದಂತೆ ಮಿಂಚು ಹೊಳೆದರೆ, ಕಪ್ಪು ಚುಕ್ಕೆಗಳು ಹಿಂಡಾಗಿ ತೇಲಿದರೆ, ಪಕ್ಕದಿಂದ ಪರದೆ ಎಳೆದಂತೆ ಕಂಡರೆ ನಾಳೆ ಎನ್ನದೆ ಅವತ್ತೇ ಹೋಗಿ. ಅದು ರೆಟಿನಾ ಕಳಚುತ್ತಿರುವ ಸೂಚನೆ ಇರಬಹುದು. ನಾನು ಪ್ರತಿ ಜೂನ್‌ನಲ್ಲಿ ಶಾಲೆ ಶುರುವಾಗುವ ವಾರ ಬಲಗಣ್ಣು ತೋರಿಸಿಕೊಂಡು ಬರುತ್ತೇನೆ. ಈ ಸಲವೂ ತಿಳಿಯಾಗಿದೆ ಅಂದರು.